ಅಜ್ಜಿಯ ಸೊಲ್ಲು ಕದ್ದವಳು

ಕಂಪ್ಯೂಟರಿಗೆ ಕಿವಿಯಿಲ್ಲ. ಇದನ್ನು ನಾನು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳಲೂ ಸಿದ್ಧ. ಮೈಕಿನೊಳಗೆ ಬಿದ್ದ ದನಿಯನ್ನು ಅದು ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚುತ್ತದೆ, ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು. ಒಂದೊಂದು ಚೂರಿಗೂ ಒಂದೊಂದು ಅಂಕಿ ಬರೆದುಕೊಳ್ಳುತ್ತದೆ. ಆ ಕಡೆ ಇರುವ ಇನ್ನೊಂದು ಕಂಪ್ಯೂಟರ್ ಅದೇ ಅಂಕಿಗಳನ್ನು ಓದಿಕೊಂಡು ಸ್ಪೀಕರಿನ ಪೊರೆಯನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತದೆ. ನಾವು ಅದನ್ನು ಕೇಳಿ ಆಹಾ ಎಂಥ ಹಾಡು ಅನ್ನುತ್ತೇವೆ. ಹಾಡೋ, ನಾಯಿ ಬೊಗಳಿದ್ದೋ, ಒಗ್ಗರಣೆ ಸಿಡಿದದ್ದೋ, ಅದಕ್ಕೆ ಎಲ್ಲವೂ ಅಂಕಿಯೇ. ಇಷ್ಟು ತಿಳಿದೂ ಆ ಮೂದೇವಿಯನ್ನು ನಂಬಿ ಒಂದು ಮದುವೆಯ ಸೋಬಾನೆ ಒಪ್ಪಿಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ!

ನನ್ನ ಹೆಸರು ರಾಧಾ. ನನ್ನ ಗಂಡ ಉಮಾಶಂಕರ ಮತ್ತು ನಾನು ಹುಣಸೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದೇವೆ. ಸ್ಪೀಕರ್ ಬಾಕ್ಸು, ವೈರು, ಆಂಪ್ಲಿಫೈಯರ್ ಅವರ ಪಾಲು. ಲ್ಯಾಪ್‌ಟಾಪು, ಸೌಂಡ್ ಕಾರ್ಡು ಮತ್ತು ಬಾಯಿ ನನ್ನ ಪಾಲು. ಬಾಯಿ ಯಾಕೆಂದರೆ ಗಿರಾಕಿಗಳ ಜತೆ ಜಗಳವಾಡಲು ಮನೆಗೊಬ್ಬರಾದರೂ ಬೇಕು. ನಮ್ಮವರು ಯಾರು ಬಂದು ಏನು ಕೇಳಿದರೂ "ಆಯ್ತು ಬುಡಿ" ಅನ್ನುವ ಆಸಾಮಿ.

ಆದರೆ ಈ ಸಲ "ಆಯ್ತು ಬುಡು" ಅಂದವಳು ನಾನೇ.

ಏಪ್ರಿಲ್ ತಿಂಗಳಲ್ಲಿ ಎನ್. ಬೇಗೂರಿನಿಂದ ಸಿಂಧು ಅನ್ನುವ ಹುಡುಗಿ ಅಂಗಡಿಗೆ ಬಂದಳು. ಅವಳದೇ ಮದುವೆ. ಗಂಡು ರಾವಂದೂರಿನ ಪಕ್ಕದವನು, ಹೊಗೆಸೊಪ್ಪು ಬೆಳೆಯುವ ಮನೆ. ಮದುವೆ ಗಂಡಿನ ಮನೆಯ ಮುಂದೆಯೇ ಚಪ್ಪರ ಹಾಕಿ. ಮೈಕ್‌ಸೆಟ್ ಗೊತ್ತು ಮಾಡಲು ಬಂದವಳು ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಳ್ಳತೊಡಗಿದಳು.

"ಯಾಕವ್ವ, ಗಂಡು ಇಷ್ಟ ಇಲ್ವಾ?" ಅಂದೆ. ನೇರವಾಗಿ ಕೇಳುವುದು ನನ್ನ ಅಭ್ಯಾಸ.

"ಥೂ, ಗಂಡಿಗೇನಾಗೈತೆ ಅಕ್ಕ. ನಮ್ಮಜ್ಜಿ ಬರಕಾಯ್ತಿಲ್ಲ."

ಅಜ್ಜಿ ಅಂದರೆ ಚಿಕ್ಕಬೀರಮ್ಮ. ಕೋಟೆ ತಾಲ್ಲೂಕಿನ ಆ ಸೀಮೆಯಲ್ಲಿ ಅವರು ಪದ ಎತ್ತದೆ ಯಾವ ಹೆಣ್ಣಿಗೂ ಅರಿಶಿನ ಏರಿದ್ದಿಲ್ಲವಂತೆ. ಸೋಬಾನೆ ಹಾಡುವ ರೀತಿ ಗೊತ್ತಲ್ಲ. ಒಬ್ಬರು ಮುಂದೆ ಕೂತು ಒಂದು ಸಾಲು ಎತ್ತುತ್ತಾರೆ, ಸುತ್ತ ಕೂತ ಹೆಂಗಸರೆಲ್ಲ ಅದೇ ಸಾಲನ್ನು ಅದೇ ರಾಗದಲ್ಲಿ ತಿರುಗಿ ಹೇಳುತ್ತಾರೆ. ಆ ತಿರುಗಿ ಹೇಳುವುದಕ್ಕೆ ಸೊಲ್ಲು ಅನ್ನುತ್ತಾರೆ. ಎತ್ತಿದವಳಿಗೆ ಸೊಲ್ಲು ಸಿಗದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ, ಊಟದ ಎಲೆಯಿಂದ ಎಬ್ಬಿಸಿದ ಹಾಗೆ. ಈ ಚಿಕ್ಕಬೀರಮ್ಮ ಕೊಟ್ಟಿಗೆ ಮೆಟ್ಟಿಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಬಿರುಕು ಬಿಟ್ಟಿತ್ತು. ಮಂಚ ಬಿಟ್ಟು ಇಳಿಯಕೂಡದು ಎಂದು ಡಾಕ್ಟರು ಹೇಳಿದ್ದರು.

"ಕಾಲು ಸರೋಯ್ತದೆ ಬುಡಕ್ಕ," ಅಂದಳು ಸಿಂಧು. "ಅಜ್ಜಿಗೆ ಗಂಟ್ಲಿಂದೇ ಯೋಚ್ನೆ. ಮಾಗೀಲಿ ಕೆಮ್ಮು ಬಂತು ನೋಡು, ಅವತ್ತಿಂದ ನನ್ ದನಿ ಸತ್ತೋಯ್ತು ಅಂತ ಕುಂತವ್ಳೆ. ಒಂದು ಮದ್ವೇಲಿ ಇವಳು ಪದ ಎತ್ತಿದಾಗ ನಾಕು ಜನ ಹೆಂಗಸ್ರು ಊಟಕ್ಕೆ ಎದ್ದೋದ್ರು. ಅದುನ್ನೇ ಮನಸ್ಸಿಗೆ ಹಾಕ್ಕಂಬುಟ್ಳು. ಪದ ಯೋಳೋದೇ ಬುಟ್ಬುಟ್ಟವ್ಳೆ. ನಂಗೆ ಅವಳು ಎತ್ತಿದ್ರೇನೇ ಅರಿಶಿನ. ಕಂಪ್ಯೂಟ್ರಲ್ಲಿ ಏನಾರ ಮಾಡಕಾಯ್ತದಾ? ಅವಳು ಅಲ್ಲಿಂದ್ಲೇ ಎತ್ತೋ ಅಂಗೆ, ನಾವು ಇಲ್ಲಿಂದ ಸೊಲ್ಲು ಕೊಡೋ ಅಂಗೆ?"

"ಅದೇನ್ ಮಹಾ!" ಅಂದುಬಿಟ್ಟೆ. ನಮ್ಮವರು ಮೂಲೆಯಲ್ಲಿ ವೈರು ಸುತ್ತುತ್ತಿದ್ದವರು ತಲೆಯೆತ್ತಿ ನನ್ನನ್ನೇ ನೋಡಿದರು. ನೋಡಲಿ.

ಮದುವೆಯ ಹಿಂದಿನ ದಿನ ಸಂಜೆ ಅರಿಶಿನ. ಅದಕ್ಕೂ ಒಂದು ದಿನ ಮುಂಚೆ ನಾವು ಎರಡು ಕಡೆ ಹಂಚಿಹೋದೆವು. ಅವರು ಬಾಕ್ಸುಗಳ ಜತೆ ರಾವಂದೂರಿನ ಕಡೆ, ನಾನು ಲ್ಯಾಪ್‌ಟಾಪಿನ ಜತೆ ಎನ್. ಬೇಗೂರಿಗೆ. ಗಂಡಿನ ಮನೆಯ ಅಂಗಳದಲ್ಲಿ ಜನರೇಟರು, ಪಾತ್ರೆ ಸದ್ದು, ಮಕ್ಕಳ ಕಿರುಚಾಟ. ಅಲ್ಲಿ ಮೈಕಿಟ್ಟರೆ ಸೊಲ್ಲಿನ ಬದಲು ಸೌಟಿನ ಸದ್ದೇ ಬರುತ್ತಿತ್ತು. ಹಾಗಾಗಿ ನಮ್ಮವರು ಹೆಂಗಸರನ್ನೆಲ್ಲ ಹೊಗೆಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಕರೆದುಕೊಂಡು ಹೋಗಿ ಕೂರಿಸಿದರು. ಸೊಪ್ಪು ಬೇಯಿಸುವ ಕಾಲವಲ್ಲ, ಬ್ಯಾರನ್ ಖಾಲಿ ಬಿದ್ದಿತ್ತು. ಎರಡಾಳು ಎತ್ತರದ ಗೋಡೆ, ಒಂದೇ ಒಂದು ಗಿಡ್ಡ ಬಾಗಿಲು. ಒಳಗೆ ಒಂದು ಬಾಕ್ಸು, ಒಂದು ಮೈಕು, ಎರವಲು ತಂದ ಇನ್ನೊಂದು ಲ್ಯಾಪ್‌ಟಾಪು, ಹದಿನೈದಿಪ್ಪತ್ತು ಹೆಂಗಸರು. ಗೋಡೆಗೆ ಅಂಟಿದ್ದ ಹಳೇ ಘಾಟಿಗೆ ಮೊದಲ ಅರ್ಧ ಗಂಟೆ ಎಲ್ಲರೂ ಸೀನಿದ್ದೇ ಸೀನಿದ್ದು ಅಂತ ಆಮೇಲೆ ಹೇಳಿದರು.

ಇತ್ತ ಬೇಗೂರಿನಲ್ಲಿ ನನ್ನ ಪಾಡು ಬೇರೆ. ಮನೆಯೊಳಗೆ ಫೋನು ಕೇರಳದ ಟವರ್ ಹಿಡಿದು ಮಲಯಾಳದಲ್ಲಿ ನನಗೆ ಸ್ವಾಗತ ಕೋರಿತು. ಸ್ವಾಗತ ಬಿಟ್ಟರೆ ಇನ್ನೇನನ್ನೂ ಕೊಡಲಿಲ್ಲ. ಕೊನೆಗೆ ಅಜ್ಜಿಯ ತಮ್ಮ ಕುಳ್ಳಯ್ಯನವರು ಹಿತ್ತಲ ಹಲಸಿನ ಮರ ಹತ್ತಿ ಫೋನನ್ನು ಕೊಂಬೆಗೆ ಕಟ್ಟಿದರು. ಅಲ್ಲಿಂದ ಲ್ಯಾಪ್‌ಟಾಪಿಗೆ ನೆಟ್ಟು ತೊಟ್ಟಿಕ್ಕತೊಡಗಿತು. ಚಿತ್ರ ಬರುವಷ್ಟು ಕಸುವು ಅದಕ್ಕಿರಲಿಲ್ಲ. ಬರೀ ದನಿ ಸಾಕು ಅಂದುಕೊಂಡೆ. ದನಿಯೂ ಹೋಗಲು ಒಂದು ಉಸಿರು, ಬರಲು ಒಂದು ಉಸಿರು ತೆಗೆದುಕೊಳ್ಳುತ್ತಿತ್ತು.

ಅಜ್ಜಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸಣ್ಣ ದೇಹ, ದೊಡ್ಡ ಮೂಗುಬೊಟ್ಟು, ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾನು ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅಲ್ಲಿಂದ ಬಂದ ಸೊಲ್ಲು ಮತ್ತೆ ಈ ಮೈಕಿಗೆ ಬೀಳದಿರಲಿ ಎಂದು ಈ ಏರ್ಪಾಡು.

"ಇದೇನಮ್ಮಿ, ಎತ್ತಿಗೆ ಕಣ್ಣು ಕಟ್ಟೋ ಅಂಗೆ ನಂಗೆ ಕಿವಿ ಕಟ್ತಾ ಇದೀಯ?"

"ಇದ್ರಲ್ಲೇ ಸೊಲ್ಲು ಕೇಳ್ಸದು ಅಜ್ಜಿ. ಒಂದ್ಸಾಲು ಯೋಳಿ, ನೋಡಣ."

ಅವರಿಗೆ ಮನಸ್ಸಿರಲಿಲ್ಲ. ಮೊಮ್ಮಗಳ ಮುಖ ನೋಡಿ ಒಪ್ಪಿದ್ದರು. ಸಣ್ಣಗೆ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ಎತ್ತಿದರು.

"ಅರಿಶಿನ ಅರೆದವರು ಅಕ್ಕರೆ ಗೆಳತೀರು
ಬೆರಳೆಲ್ಲ ಬಂಗಾರ ಸೋಬಾನವೇ."

ಕಾದರು. ಇನ್ನೊಮ್ಮೆ ಎತ್ತಿದರು, ಮತ್ತೆ ಕಾದರು. ನಾನು ಅವರ ಮುಖ ನೋಡುತ್ತ ಕೂತೆ. ಆ ಮುಖ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅಜ್ಜಿ ಹೆಡ್‌ಫೋನ್ ಕಳಚಿ ನನ್ನ ಕೈಗಿಟ್ಟರು.

"ಯಾರೂ ಎತ್ಕಳ್ಳಿಲ್ಲ ಕಣಮ್ಮಿ. ನಾನು ಅಂದಿರ್ಲಿಲ್ವಾ, ದನಿ ಸತ್ತೋಗದೆ ಅಂತ." ಗೋಡೆ ಕಡೆ ಮುಖ ಮಾಡಿ ಕಂಬಳಿ ಎಳೆದುಕೊಂಡರು.

ಅಜ್ಜಿಯ ಡಬ್ಬಾ ಫೋನು ತೆಗೆದುಕೊಂಡು ಜಗಲಿಗೆ ಓಡಿ ನಮ್ಮವರಿಗೆ ಫೋನು ಮಾಡಿದೆ. "ಏನ್ರೀ, ಆ ಹೆಂಗಸ್ರ ಬಾಯಲ್ಲಿ ಏನ್ ಎಲಡಿಕೆ ತುಂಬೈತಾ? ಅಜ್ಜಿ ಎತ್ತಿದ್ರೆ ಸೊಲ್ಲು ಕೊಡಕಾಗಲ್ವಾ?"

"ಕೊಟ್ರಲ್ಲೇ! ಬ್ಯಾರನ್ ಬಿದ್ದೋಗೋ ಅಂಗೆ ಕೊಟ್ರು. ನಿಂಗೆ ಕೇಳಿಸ್ಲಿಲ್ವಾ?"

ಆಗ ನನಗೆ ಬೆಳಕಾಯಿತು. ಕಂಪ್ಯೂಟರಿನ ಅನುಮಾನ! ಇಂಥ ಕಾಲ್‌ಗಳಲ್ಲಿ ಅದಕ್ಕೊಂದು ಕೆಟ್ಟ ಬುದ್ಧಿ ಕಲಿಸಿರುತ್ತಾರೆ. ತನ್ನ ಸ್ಪೀಕರಿನಿಂದ ಹೊರಟದ್ದು ತನ್ನ ಮೈಕಿಗೇ ವಾಪಸ್ ಬಂದರೆ, ಇದು ನನ್ನದೇ ದನಿಯ ಎಕೋ ಎಂದು ಗುಡಿಸಿಹಾಕುವುದು. ಆಫೀಸಿನ ಮೀಟಿಂಗಿನವರಿಗೆ ಅದು ಸರಿ. ಅಲ್ಲಿ ಒಬ್ಬರು ಅಂದದ್ದನ್ನೇ ಇನ್ನೊಬ್ಬರು ತಿರುಗಿ ಅನ್ನುವುದಿಲ್ಲ. ಅನ್ನುತ್ತಾರೆ ಅಂತಲೂ ಕೇಳಿದ್ದೇನೆ, ಇರಲಿ. ಆದರೆ ಸೋಬಾನೆಯಲ್ಲಿ ಅದೇ ಮಾತು, ಅದೇ ರಾಗ, ಎತ್ತಿದ ಸಾಲಿನ ಬಾಲ ಇನ್ನೂ ಹೊಸ್ತಿಲು ದಾಟಿರುವುದಿಲ್ಲ, ಅಷ್ಟರಲ್ಲಿ ಸೊಲ್ಲು ಬಂದು ಅದರ ಮೇಲೆ ಬೀಳುತ್ತದೆ. ಕಿವಿಯಿಲ್ಲದ ಕಂಪ್ಯೂಟರು ಇಪ್ಪತ್ತು ಹೆಂಗಸರ ಸೊಲ್ಲನ್ನು ಕಸ ಅಂದುಕೊಂಡು ಬಳಿದು ತಿಪ್ಪೆಗೆ ಹಾಕಿತ್ತು.

"ರೀ, ಆ ಕಡೆ ಲ್ಯಾಪ್‌ಟಾಪಲ್ಲಿ ಎಕೋ ತೆಗೆಯೋ ಸೆಟ್ಟಿಂಗ್ ಐತಲ್ಲ, ಅದುನ್ನ ಆಫ್ ಮಾಡಿ."

"ಆಫ್ ಮಾಡುದ್ರೆ ಆ ಬಾಕ್ಸಿಂದು..."

"ಯೋಳಿದಷ್ಟು ಮಾಡ್ರೀ!" ಎಂದು ಫೋನಿಟ್ಟೆ. ಗಂಡಸರಿಗೆ ಪ್ರತಿಯೊಂದಕ್ಕೂ ಒಂದು ಆಕ್ಷೇಪಣೆ ಇರುತ್ತದೆ.

ಒಳಗೆ ಬಂದು ಅಜ್ಜಿಗೆ ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. "ಯಂತ್ರದ ಮೇಲೆ ಹಾಕ್ಬ್ಯಾಡ ಕಣಮ್ಮಿ. ಅದೇನ್ ಮಾಡೀತು ಪಾಪ," ಅಂದರು. ಮಾರನೆಯ ದಿನ ಮಧ್ಯಾಹ್ನದವರೆಗೂ ಮೈಕಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಸಿಂಧು ಫೋನು ಮಾಡಿ ಅತ್ತಳು, ರೇಗಿದಳು, ಅರಿಶಿನದ ಬಟ್ಟಲು ಮುಟ್ಟುವುದಿಲ್ಲ ಅಂದಳು. ಕೊನೆಗೆ ಅಜ್ಜಿ ಬಾಯಿ ಬಿಟ್ಟರು.

"ಮೂರು ಪದ ಯೋಳ್ತೀನಿ ಮಗ. ಸೊಲ್ಲು ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ. ಅದೇ ಕೊನೆ. ಆಮೇಕೆ ಯಾರೂ ನನ್ನ ಪದ ಯೋಳು ಅನ್ಬ್ಯಾಡಿ. ನೀನೂವೆ."

ಹೀಗೆ ಒಂದು ಜೀವಮಾನದ ಹಾಡು ಹಲಸಿನ ಮರಕ್ಕೆ ಕಟ್ಟಿದ ನನ್ನ ಫೋನಿನ ಮೇಲೆ ನಿಂತಿತು. ಕಟ್ಟು ಬಿಗಿಯಾಗಿದೆಯೇ ಎಂದು ಮರದ ಬುಡಕ್ಕೆ ನಾಲ್ಕು ಸಲ ಹೋಗಿ ನೋಡಿ ಬಂದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಅಲ್ಲಿ ಬ್ಯಾರನ್ನಿನೊಳಗೆ ಹೆಣ್ಣನ್ನು ಮಣೆಯ ಮೇಲೆ ಕೂರಿಸಿದರು. ಇಲ್ಲಿ ನಾನು ಅಜ್ಜಿಗೆ ಹೆಡ್‌ಫೋನ್ ಹಾಕಿ, ಮೈಕು ಸರಿಮಾಡಿ, ಮನಸ್ಸಿನಲ್ಲೇ ಚಿಕ್ಕಮ್ಮದೇವಿಗೆ ಕಾಯಿ ಹರಸಿಕೊಂಡೆ. ಅಜ್ಜಿ ಅದೇ ಪದ ಅದೇ ಸಣ್ಣ ದನಿಯಲ್ಲಿ ಎತ್ತಿ ನಿಲ್ಲಿಸಿದರು. ಹೆಡ್‌ಫೋನ್ ಅವರ ಕಿವಿಯಲ್ಲಿ, ನನಗೆ ಏನೂ ಕೇಳಿಸುವುದಿಲ್ಲ. ಒಂದು ಉಸಿರು ಕಳೆಯಿತು, ಎರಡು ಉಸಿರು ಕಳೆಯಿತು. ಅಜ್ಜಿಯ ಹುಬ್ಬು ಮೇಲೇರಿತು. ಮೈಕು ಬಿಟ್ಟು ನನ್ನ ಕಡೆ ತಿರುಗಿದರು, ಅದು ಬಾಯಿ ಹತ್ತಿರ ತಂದರಷ್ಟೇ ದನಿ ಹಿಡಿಯುವ ಮೈಕು.

"ಯಾವಳೇ ಅವ್ಳು?"

"ಸೊಲ್ಲು ಬಂತಾ ಅಜ್ಜಿ?" ನಾನು ಕುಣಿಯುವುದೊಂದು ಬಾಕಿ.

"ಸೊಲ್ಲು ಬಂತು. ಸೊಲ್ಲಿಗೆ ಮುಂಚೆ ಇನ್ಯಾವಳೋ ಬಂದ್ಲು."

ಇನ್ನೊಂದು ಸಾಲು ಎತ್ತಿದರು, ಕಾದರು, ಕಣ್ಣು ಕಿರಿದು ಮಾಡಿದರು. "ನೋಡು ನೋಡು! ನಾ ಯೋಳಿದ್ದ ಅವ್ಳು ಒಬ್ಳೇ ಎತ್ಕತಾವ್ಳೆ. ಮಿಕ್ಕೋರೆಲ್ಲ ಅವಳ ಹಿಂದೆ ಸೊಲ್ಲು ಕೊಡ್ತಾವ್ರೆ. ನಂಗಲ್ಲ ಕಣಮ್ಮಿ, ಅವ್ಳಿಗೆ! ನನ್ ಮೊಮ್ಮಗಳ ಅರಿಶಿನಕ್ಕೆ ಇನ್ನೊಬ್ಳು ಮುಂದಾಳು!"

"ಗಂಡಿನ ಕಡೆಯೋರು ಯಾರಾದ್ರೂ ಇರ್ಬೋದು ಅಜ್ಜಿ. ಗಂಡಿನ ಸೋದರತ್ತೆ ಸಣ್ಣತಾಯಮ್ಮ ಅಂತ ಒಬ್ರು ಅವ್ರಂತೆ, ಅವ್ರೂ ಪದ ಯೋಳ್ತಾರಂತೆ."

"ಸಣ್ಣತಾಯೀನ ನಾ ಕಂಡಿಲ್ವಾ? ಅವಳ್ದು ಬಾಂಡ್ಲಿ ಉಜ್ಜೋ ದನಿ. ಇವಳ್ದು ಅಂಗಿಲ್ಲ." ಅಜ್ಜಿ ದಿಂಬು ಬಿಟ್ಟು ನೆಟ್ಟಗೆ ಕೂತರು. "ಇರ್ಲಿ. ಎಷ್ಟು ದೂರ ಬತ್ತಾಳೆ ನೋಡ್ತೀನಿ."

ಎರಡನೆಯ ಪದವನ್ನು ಜೋರಾಗಿ ಎತ್ತಿದರು. ಇವಳು ಯಾರಿರಬಹುದು ಎಂದು ನಾನು ಬಾಗಿಲಿಗೆ ಹೋಗಿ ನಮ್ಮವರಿಗೆ ಫೋನು ಮಾಡಿದೆ.

"ಅಲ್ಲಿ ಮುಂದೆ ನಿಂತು ಒಬ್ಳೇ ಯೋಳ್ತಿರೋ ಹೆಂಗಸು ಯಾರ್ರೀ?"

"ಯಾರೂ ನಿಂತಿಲ್ಲ ಕಣೇ. ಎಲ್ರೂ ಕುಂತವ್ರೆ. ಎಲ್ರೂ ಒಟ್ಗೇ ಯೋಳ್ತಾವ್ರೆ." ಹಿಂದಿನಿಂದ ಹೆಂಗಸರ ನಗು ಕೇಳಿಸುತ್ತಿತ್ತು. "ಅಜ್ಜಿಗೇನಾಯ್ತೇ? ಭಾರಿ ಜೋರು ಮಾಡ್ತಾವ್ರೆ!"

ಜೋರು ಅಂದರೆ ಏನು ಜೋರು! ಮೂರು ಪದದ ಲೆಕ್ಕ ಯಾವಾಗಲೋ ಮರೆತುಹೋಗಿತ್ತು. ಮೊದಲು ಅಜ್ಜಿ ರಾಗ ಏರಿಸಿದರು, ಅಷ್ಟು ಮೇಲಕ್ಕೆ ಆ ಹೆಂಗಸು ಬರಲಾರಳು ಎಂದು. ಬಂದಳು. ಆಮೇಲೆ ಗತಿ ಓಡಿಸಿದರು, ನಾಲಿಗೆ ತೊಡರುವ ಹಾಗೆ. ಅವಳ ನಾಲಿಗೆ ತೊಡರಲಿಲ್ಲ, ಸೊಲ್ಲಿನವರದು ಮಾತ್ರ ತೊಡರಿ ಎಲ್ಲರೂ ಕಿಸಕ್ಕನೆ ನಕ್ಕದ್ದು ಅಜ್ಜಿಗೆ ಕೇಳಿಸಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾಲಿನ ಕಟ್ಟು ಅಲ್ಲಾಡದಂತೆ ನಾನು ಹಿಡಿದುಕೊಳ್ಳಬೇಕಾಯಿತು.

"ಈಗ ಬತ್ತಾಳಾ ನೋಡು," ಎಂದು ಒಂದು ಪದ ತೆಗೆದರು. ಅದು ಅವರ ತಾಯಿ ಒಲೆ ಮುಂದೆ ಕೂತು ಅವರೊಬ್ಬರಿಗೇ ಕಲಿಸಿದ್ದಂತೆ, ಊರಲ್ಲಿ ಇನ್ನಾರಿಗೂ ಗೊತ್ತಿಲ್ಲವಂತೆ.

"ಅತ್ತೀಯ ಮರದಡಿ ಸುತ್ತಿದ ಸಿಂಬೀಯ
ಎತ್ತಿಟ್ಟೋಳ್ಯಾರವ್ವ ಸೋಬಾನವೇ..."

ಎರಡು ಉಸಿರು. ಅಜ್ಜಿಯ ಬಾಯಿ ತೆರೆದದ್ದು ತೆರೆದೇ ಇತ್ತು.

"ಅವ್ಳಿಗೆ ಗೊತ್ತು! ನಮ್ಮವ್ವ ನಂಗೊಬ್ಳಿಗೇ ಯೋಳ್ಕೊಟ್ಟಿದ್ದು ಇವ್ಳಿಗೆಂಗೆ ಗೊತ್ತಾಯ್ತು? ಒಂದು ಕೊಂಕೂ ತಪ್ಪಿಲ್ಲ ಕಣಮ್ಮಿ!"

ಸಿಟ್ಟು ನೆತ್ತಿಗೇರಿತು. ಸಿಟ್ಟೇರಿದ ಸೋಬಾನೆಯವರ ಕೈಯಲ್ಲಿ ಕೊನೆಯ ಅಸ್ತ್ರ ಒಂದಿರುತ್ತದೆ, ಬೀಗರನ್ನು ಬೈಯುವ ಪದ. ಮದುವೆ ಮನೆಯಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಬೈಸಿಕೊಳ್ಳದಿದ್ದರೇ ಬೀಗರಿಗೆ ಬೇಜಾರು. ಅಜ್ಜಿ ಅಲ್ಲೇ ಕೂತು ಕಟ್ಟಿ ಎಸೆದರು.

"ಬೀಗರ ಮನೆ ಮುದ್ದೆ ಬಿಸಿಲೀಗೆ ಒಣಗೈತೆ
ಹಲ್ಲಿಲ್ದ ಬೀಗಿತ್ತಿ ಒನಕೇಲಿ ಕುಟ್ಟವ್ಳೆ ಸೋಬಾನವೇ!"

ಎರಡು ಉಸಿರು ಕಳೆದದ್ದೇ ತಡ, ಅಜ್ಜಿ ಚಿಟ್ಟನೆ ಚೀರಿದರು. "ನಂಗೇ ಅಂದ್ಲು! ಹಲ್ಲಿಲ್ದೋಳು ಅಂತ ನಂಗೇ ತಿರುಗ್ಸಿ ಅಂದ್ಲು ಕಣೇ ರಾಧಾ! ನಂಗೆ ಹಲ್ಲಿಲ್ಲ ಅಂತ ಅಲ್ಲಿ ಕುಂತೋಳ್ಗೆ ಯಾರು ಯೋಳುದ್ರು?"

ಹಿತ್ತಲಲ್ಲಿ ದನ ಕಟ್ಟುತ್ತಿದ್ದ ಕುಳ್ಳಯ್ಯನವರು ಹಗ್ಗ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. "ಅಕ್ಕ ಹಿಂಗೆ ಯೋಳಿದ್ದ ಕೇಳಿ ಎಷ್ಟು ಕಾಲ ಆಗಿತ್ತು!" ಅಂದವರ ಕಣ್ಣು ಒದ್ದೆಯಾಗಿತ್ತು. ಹಸು ಅವರ ಹಿಂದೆಯೇ ಬಂದು ಜಗಲಿಯ ಮೇಲೆ ಒಣಹಾಕಿದ್ದ ಜೋಳಕ್ಕೆ ಬಾಯಿ ಹಾಕಿತು, ಯಾರೂ ಓಡಿಸಲಿಲ್ಲ.

ನನಗೂ ತಡೆಯಲಾಗಲಿಲ್ಲ. ಯಾರಪ್ಪ ಈ ಗಟ್ಟಿಗಿತ್ತಿ, ನೋಡೇಬಿಡೋಣ ಎಂದು ಸೌಂಡ್ ಕಾರ್ಡಿನ ಇನ್ನೊಂದು ತೂತಿಗೆ ನನ್ನ ಇಯರ್‌ಫೋನ್ ಚುಚ್ಚಿದೆ. ಅಜ್ಜಿ ಇನ್ನೊಂದು ಬೈಗುಳದ ಸಾಲು ಎಸೆದರು. ಎರಡು ಉಸಿರು ಆದಮೇಲೆ ಅದು ಬಂತು.

ತುಂಬುದನಿ. ನೆಲದಿಂದ ಏಳುವಂಥದ್ದು. ಎತ್ತರದ ಗೋಡೆಗಳ ನಡುವೆ ತಿರುಗಿ ತಿರುಗಿ ದುಂಡಾಗಿ, ಕೊನೆಯ "ಸೋಬಾನವೇ"ಯನ್ನು ತೊಟ್ಟಿಲು ತೂಗಿದಂತೆ ತೂಗಿ ಬಿಡುವ ದನಿ. ಅದರ ಹಿಂದೆ ಇಪ್ಪತ್ತು ಹೆಂಗಸರ ಸೊಲ್ಲು. ನನ್ನ ಮೈಮೇಲೆ ಮುಳ್ಳೆದ್ದಿತು. ಮರುಗಳಿಗೆಯಲ್ಲೇ ಸಾಲಿನ ನಡುವೆ ಒಂದು ಸಣ್ಣ "ಹ್ಞಾ" ಕೇಳಿಸಿತು, ಅಜ್ಜಿ ಉಸಿರೆಳೆಯುವಾಗ ಮಾಡುವ "ಹ್ಞಾ".

ಅಯ್ಯೋ ದೇವರೇ, ಇದು ಅಜ್ಜಿಯೇ!

ಬೇಗೂರಿನಲ್ಲಿ ಹಾಡಿದ್ದು ಬ್ಯಾರನ್ನಿನ ಬಾಕ್ಸಿನಲ್ಲಿ ಹೊರಟು, ಅಲ್ಲಿಯ ಮೈಕಿಗೆ ಬಿದ್ದು, ಎಕೋ ಗುಡಿಸುವ ಸೆಟ್ಟಿಂಗನ್ನು ನಾನೇ ತೆಗೆಸಿದ್ದರಿಂದ ಯಾರ ತಡೆಯೂ ಇಲ್ಲದೆ ಮರಳಿ ಬಂದು ಅಜ್ಜಿಯ ಕಿವಿ ಸೇರುತ್ತಿತ್ತು. ತಮ್ಮ ದನಿಯನ್ನು ಅವರು ಹೊರಗಿನಿಂದ ಒಮ್ಮೆಯೂ ಕೇಳಿರಲಿಲ್ಲ. ಮೈಕು ಮುಂದಿಟ್ಟರೆ ಸೋಬಾನೆಗೆ ಮರ್ಯಾದೆ ಇಲ್ಲ ಎಂದು ಇಷ್ಟು ವರ್ಷ ದೂರ ತಳ್ಳಿದ್ದವರು. ತಮ್ಮ ತಲೆಯೊಳಗೆ ಕೇಳುವ ಕೆಮ್ಮಿದ ದನಿಯೇ ತಮ್ಮದು ಅಂದುಕೊಂಡು ಕೂತಿದ್ದರು.

ಡಬ್ಬಾ ಫೋನು ಕಿರುಚಿತು. ನಮ್ಮವರು. "ರಾಧಾ, ನೆನ್ನೆ ನಾ ಯೋಳಕ್ಕೆ ಬಂದಿದ್ದು ಇದ್ನೇ ಕಣೇ! ಬಾಕ್ಸಿಂದು ಮೈಕಿಗೆ ಬಿದ್ದು ಅಜ್ಜಿಗೆ ವಾಪಸ್ ಹೋಯ್ತಾ ಇರ್ತದೆ. ಆನ್ ಮಾಡ್ಬುಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!" ಅಂದೆ.

ನಗು ಹೊಟ್ಟೆಯಿಂದ ಉಕ್ಕಿ ಬರುತ್ತಿತ್ತು, ಅಳುವೂ ಬರುತ್ತಿತ್ತು, ಯಾವುದನ್ನು ಮೊದಲು ಬಿಡಲಿ ತಿಳಿಯದೆ ಸೆರಗು ಬಾಯಿಗೆ ತುರುಕಿಕೊಂಡೆ. ಹೇಳಿಬಿಟ್ಟರೆ? ತನ್ನ ಜತೆ ತಾನೇ ಜಗಳವಾಡಿದೆನಲ್ಲ ಎಂದು ನಾಚಿಕೊಂಡು ಮತ್ತೆ ಕಂಬಳಿ ಹೊದ್ದುಬಿಟ್ಟರೆ? ಸೆಟ್ಟಿಂಗು ಸರಿಮಾಡಿಸಿದರೆ ಸೊಲ್ಲೇ ನಿಂತುಹೋಗುತ್ತದೆ. ನಾನು ಜನ್ಮದಲ್ಲಿ ಬಾಯಿ ಮುಚ್ಚಿಕೊಂಡಿದ್ದು ಕಡಿಮೆ. ಅವತ್ತು ಮುಚ್ಚಿಕೊಂಡೆ.

ಇನ್ನೂ ಎಷ್ಟೋ ಪದ ಆದವು. ಅಲ್ಲಿ ಸಿಂಧುವಿಗೆ ಅರಿಶಿನ ಹಚ್ಚಿ ಹಚ್ಚಿ ಬಟ್ಟಲು ಬರಿದಾಗಿ, ಸಣ್ಣತಾಯಮ್ಮ ಇನ್ನೊಂದು ಬಟ್ಟಲು ಕಲಸಿಕೊಂಡು ಬಂದರಂತೆ. ಗಂಡಿನ ಕಡೆಯ ಹೆಂಗಸರು ತಮ್ಮನ್ನೇ ಬೈದ ಸಾಲುಗಳಿಗೆ ತಾವೇ ಸೊಲ್ಲು ಕೊಟ್ಟು ಬಿದ್ದು ಬಿದ್ದು ನಗುತ್ತಿದ್ದರಂತೆ. ಊಟಕ್ಕೆ ಕರೆದರೂ ಒಬ್ಬರೂ ಏಳಲಿಲ್ಲ.

ಕೊನೆಗೆ ಅಜ್ಜಿ ಹಾಡು ನಿಲ್ಲಿಸಿದರು. ಹಣೆಯಲ್ಲಿ ಬೆವರು. ನಾನು ಕೊಟ್ಟ ನೀರನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡು ಅಂದರು:

"ಸೋತೆ ಕಣಮ್ಮಿ. ನನ್ ಕೈಲಾಗಲ್ಲ ಅವಳ ಸಮ. ಆದ್ರೆ ಒಂದು ಯೋಳ್ತೀನಿ ಕೇಳು, ಇಂಥ ದನಿ ನಾ ಕೇಳೇ ಇಲ್ಲ."

ಈಗ ಹೇಳಲೇಬೇಕು ಅಂದುಕೊಳ್ಳುವಷ್ಟರಲ್ಲಿ ಅಜ್ಜಿ ಮೈಕಿನ ಕಡೆ ಬಾಗಿದರು. ಯಾವತ್ತೂ ಯಾರ ಹಿಂದೆಯೂ ಸೊಲ್ಲು ಹೇಳದ ಚಿಕ್ಕಬೀರಮ್ಮ ಮೆಲ್ಲಗೆ, ಮಗಳನ್ನು ಕರೆಯುವ ಹಾಗೆ ಕರೆದರು.

"ಅವ್ವಾ, ನೀ ಯಾರ ಮನೆ ಮಗಳೋ ಕಾಣೆ. ದನಿ ಅಂದ್ರೆ ನಿಂದು. ಇನ್ಮೇಕೆ ನೀನೇ ಎತ್ತು ತಾಯಿ. ನಾ ಸೊಲ್ಲು ಯೋಳ್ತೀನಿ."

ಬ್ಯಾರನ್ನಿನಲ್ಲಿ ಹೆಂಗಸರು ಗಪ್‌ಚಿಪ್ಪಾದರು. ನನ್ನ ಇಯರ್‌ಫೋನಿನಲ್ಲಿ ಬರೀ ಖಾಲಿ. ಒಂದು ಉಸಿರು, ಇನ್ನೊಂದು ಉಸಿರು.

"ಅವ್ವಾ," ಎಂದಿತು ಆ ದುಂಡು ದನಿ, "ನೀ ಯಾರ ಮನೆ ಮಗಳೋ ಕಾಣೆ. ದನಿ ಅಂದ್ರೆ ನಿಂದು. ಇನ್ಮೇಕೆ ನೀನೇ ಎತ್ತು ತಾಯಿ. ನಾ ಸೊಲ್ಲು ಯೋಳ್ತೀನಿ."

ಅಜ್ಜಿ ಅಲ್ಲಾಡಲಿಲ್ಲ. ಪದವನ್ನು ತಿರುಗಿ ಹೇಳಿದರೆ ಅದು ಸೊಲ್ಲು, ಮಾತನ್ನು ಯಾರು ತಿರುಗಿ ಹೇಳುತ್ತಾರೆ? ಒಮ್ಮೆ ಕೆಮ್ಮಿದರು. ಎರಡು ಉಸಿರಿನ ಮೇಲೆ ಆ ಹೆಂಗಸೂ ಕೆಮ್ಮಿದಳು. ಅಜ್ಜಿ ಹೆಡ್‌ಫೋನ್ ಕಳಚಿ, ಬಾವಿಗೆ ಇಣುಕುವ ಹಾಗೆ ಅದರೊಳಗೆ ಇಣುಕಿ, ಆಮೇಲೆ ನನ್ನನ್ನು ನೋಡಿದರು.

"ರಾಧಾ. ಇದು ನಾನಾ?"

"ಹೂಂ ಅಜ್ಜಿ."

"ಮೊದ್ಲಿಂದ್ಲೂವೆ?"

"ಮೊದ್ಲಿಂದ್ಲೂ ನೀವೇ. ರಾವಂದೂರಿಗೆ ಹೋಗಿ, ಆ ಬ್ಯಾರನ್ನಲ್ಲಿ ತಿರುಗಿ ವಾಪಸ್ ಬತ್ತಾ ಇತ್ತು. ಯೋಳಿದ್ರೆ ನಿಲ್ಲಿಸ್ಬುಡ್ತೀರಾ ಅಂತ ಸುಮ್ನಿದ್ದೆ."

ನನಗೆ ಭಯವಾಯಿತು. ಬಾಗಿಲಲ್ಲಿ ಕುಳ್ಳಯ್ಯನವರು ಹಗ್ಗ ಹಿಡಿದುಕೊಂಡೇ ನಿಂತಿದ್ದರು. ಅಜ್ಜಿ ತಮ್ಮ ಗಂಟಲನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಮಗುವಿಗೆ ಜ್ವರ ಬಿಟ್ಟಿದೆಯೇ ಎಂದು ಮುಟ್ಟುತ್ತೇವಲ್ಲ, ಹಾಗೆ.

"ಅಂಗಾರೆ ಸತ್ತಿಲ್ಲ," ಅಂದರು.

ನಾನು ಅತ್ತುಬಿಟ್ಟೆ. ಅಜ್ಜಿ ನಕ್ಕರು, ಹಲ್ಲಿಲ್ಲದ ಬಾಯಿ ಅಗಲಕ್ಕೆ ತೆರೆದು, ಮಂಚ ಕಿರುಗುಟ್ಟುವ ಹಾಗೆ. "ಹಲ್ಲಿಲ್ದೋಳು ಅಂತ ನಂಗೇ ಅಂದ್ಕಂಡ್ನಲ್ಲೇ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಕುಳ್ಳಯ್ಯನವರಿಗೆ ಏನೂ ಅರ್ಥವಾಗದಿದ್ದರೂ ನಗತೊಡಗಿದರು. ಹೆಡ್‌ಫೋನಿನಿಂದ ಸಣ್ಣಗೆ ಸಿಂಧುವಿನ ಕೂಗು ಕೇಳಿಸುತ್ತಿತ್ತು: ಅಜ್ಜೀ, ಯಾಕೆ ನಿಲ್ಲಿಸ್ಬುಟ್ಟೆ, ಅಜ್ಜೀ!

ಅಜ್ಜಿ ಈ ಸಲ ಹೆಡ್‌ಫೋನನ್ನು ತಾವೇ ತೆಗೆದು ಕಿವಿಗೆ ಹಾಕಿಕೊಂಡರು, ಮೈಕನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು.

"ಸಿಂಧೂ, ಆ ಸಣ್ಣತಾಯಿಗೆ ಯೋಳು. ಅವ್ರ ಕಡೆಯಿಂದ ಯಾರ್ ಬೇಕಾರೂ ಬರ್ಲಿ. ನಮ್ ಕಡೆ ಇಬ್ರವೀವಿ."

ಎರಡು ಉಸಿರು ಕಾದು, ಆ ಕಡೆಯವಳೂ ಹಾಗೆಯೇ ಅಂದ ಮೇಲೆ, ಅಜ್ಜಿ ಪದ ಎತ್ತಿದರು.